ಹಗಲು ಕಚ್ಚುವ ಸೊಳ್ಳೆಗೆ ಸಂಜೆಯ ಹೊಗೆ

ಸೊಳ್ಳೆ ನಿರ್ಮೂಲನೆಯ ಹೊಣೆ ಹೊತ್ತಿರುವ ಅಧಿಕಾರಿಗಳೇ, ಮಾನ್ಯರೇ,

ನಿಮ್ಮ ಹೊಗೆ ಯಂತ್ರ ನಮ್ಮ ಲಿಂಗಂಪಲ್ಲಿಯ ಬೀದಿಗೆ ಬರುವುದು ಸಂಜೆ ಏಳೂವರೆಗೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ಕಾಲಿಗೆ ಬಿಳಿ ಪಟ್ಟೆ ತೊಟ್ಟು, ನಿಮ್ಮ ಕಚೇರಿಯ ವೇಳೆಯಲ್ಲೇ ಅಷ್ಟು ಶ್ರದ್ಧೆಯಿಂದ ದುಡಿಯುವ ಜೀವಿ ನಿಮ್ಮ ಕಣ್ಣಿಗೆ ಬಿದ್ದಿಲ್ಲವೆಂದರೆ ನಾನು ಏನೆಂದುಕೊಳ್ಳಲಿ?

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ನಾನು ಓದಿದ್ದು ಹತ್ತನೆಯ ತರಗತಿ. ಸೊಳ್ಳೆ ಕೊಳಕರ ಮನೆಯ ಪಾಲು ಎಂದು ನಂಬಿ, ಮೂವತ್ತು ವರ್ಷ ಮೋರಿಗೆ ಫಿನಾಯಿಲ್ ಸುರಿದು ಬೀಗಿದವಳು. ಕಳೆದ ತಿಂಗಳು ನಿಮ್ಮ ಸಿಬ್ಬಂದಿ ಬಂದು, ಗುಬ್ಬಿಗಳಿಗೆಂದು ನಾನಿಟ್ಟ ಕಲ್ಲುಬಟ್ಟಲಿನ ತಿಳಿನೀರಿನಲ್ಲಿ ಹುಳು ತೋರಿಸಿದರು. ಈ ಸೊಳ್ಳೆಗೆ ನಿಂತ ಶುದ್ಧ ನೀರೇ ಬೇಕಂತೆ. ಬಾಗಿಲಿಗೆ ಕೆಂಪು ನೋಟೀಸು ಅಂಟಿಸಿ ಹೋದರು. ಬೀದಿಯವರೆಲ್ಲ ನಿಂತು ಓದಿದರು. ನಾನು ಅದನ್ನು ಕೀಳಲಿಲ್ಲ. ತಪ್ಪು ನನ್ನದಿತ್ತು.

ಆದರೆ ನಮ್ಮ ಕಾಂಪೌಂಡಿನ ಪಕ್ಕದಲ್ಲೇ ಸಾಫ್ಟ್‌ವೇರ್ ಕಂಪನಿಯೊಂದಕ್ಕೆ ಒಂಬತ್ತು ಮಹಡಿ ಏಳುತ್ತಿದೆ. ಹೊಸ ಸ್ಲ್ಯಾಬಿನ ಮೇಲೆ ಮರಳಿನ ಬದು ಕಟ್ಟಿ, ಕಾಂಕ್ರೀಟು ಗಟ್ಟಿಯಾಗಲೆಂದು ಎರಡು ವಾರ ನೀರು ನಿಲ್ಲಿಸುತ್ತಾರೆ. ನನ್ನ ಬಟ್ಟಲಿನ ಹುಳು ಕಂಡ ಕಣ್ಣಿಗೆ ಆ ಕೆರೆ ಕಾಣಲಿಲ್ಲವೇ? ಕೇಳಿದರೆ ನಿಮ್ಮವರು ತೆಲುಗಿನಲ್ಲಿ, "ಲೋಪಲಿಕಿ ರಾನಿವ್ವರಮ್ಮಾ" ಎಂದರು. ಒಳಗೆ ಬಿಡುವುದಿಲ್ಲವಂತೆ. ಗೇಟು ನನ್ನ ಮನೆಗೂ ಇದೆ. ನಾನು ತೆರೆದು, ಕೂರಿಸಿ, ಮಜ್ಜಿಗೆ ಕೊಟ್ಟದ್ದೇ ತಪ್ಪಾಯಿತೇನೋ.

ಆ ಸ್ಲ್ಯಾಬಿಗೆ ನೀರು ಬಿಡುವವಳು ಯಾದಗಿರಿ ಕಡೆಯ ಬಂಡೆಮ್ಮ. ಅವಳ ಐದು ವರ್ಷದ ಮಗಳು ಸುಮಂಗಲಾ ಡೆಂಗಿ ಬಂದು ಎಂಟು ದಿನ ಆಸ್ಪತ್ರೆಯಲ್ಲಿದ್ದಳು. ಆ ನೀರು ಚೆಲ್ಲಬಾರದೇನೇ ಎಂದು ನಾನು ಗದರಿಸಿದೆ.

"ಚೆಲ್ಲಿದ್ರ ಮೇಸ್ತ್ರಿ ಹೊರಗ ಹಾಕ್ತಾನ್ರಿ ಅವ್ವಾರ. ನಿಲ್ಲಿಸಿದ್ರ ಸೊಳ್ಳಿ ಕಡೀತೈತಿ. ಯಾರ ಕಾಲು ಹಿಡೀಲಿ, ನೀವ ಹೇಳ್ರಿ," ಎಂದಳು.

ಇದಕ್ಕೆ ಉತ್ತರ ಕೊಡಬೇಕಾದವರು ತಾವು. ಎರಡನೆಯ ಸಲ ಡೆಂಗಿ ಬಂದರೆ ಅಪಾಯ ಹೆಚ್ಚು ಎಂದು ಡಾಕ್ಟರು ಎಚ್ಚರಿಸಿ ಕಳಿಸಿದ್ದಾರೆ. ಮಗು ನಿನ್ನೆ ಮರಳಿದೆ, ಅದೇ ಸ್ಲ್ಯಾಬಿನ ಬುಡದ ತಗಡಿನ ಶೆಡ್ಡಿಗೆ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ತಾವೇ ಬಂದು ಆ ನೀರು ಖಾಲಿ ಮಾಡಿಸಬೇಕು. ಒದ್ದೆ ಗೋಣಿತಟ್ಟು ಹಾಸಿದರೂ ಕಾಂಕ್ರೀಟು ಗಟ್ಟಿಯಾಗುತ್ತದೆ; ಸರ್ಕಾರಿ ಕಾರ್ಖಾನೆಯ ಕಟ್ಟಡ ವಿಭಾಗದಲ್ಲಿ ದುಡಿದ ನಮ್ಮ ಯಜಮಾನರ ಮಾತಿದು. ಗೇಟಿನವನು ತಡೆದರೆ ನನ್ನ ಹಿಂದೆ ನಿಲ್ಲಿ. ನೋಟೀಸು ಮುಗಿದಿದ್ದರೆ ನನ್ನ ಬಾಗಿಲಿನದನ್ನೇ ಬಿಡಿಸಿ ಕೊಡುತ್ತೇನೆ. ಇಷ್ಟು ದಿನ ಜೋಪಾನವಾಗಿ ಇಟ್ಟಿದ್ದೇನೆ.

ಇಂತಿ,
ಬಟ್ಟಲು ಬೋರಲು ಹಾಕಿ ಗುಬ್ಬಿಗಳಿಗೆ ಮುಖ ತೋರಿಸಲಾರದ
ಗುಣವತಿ ಸೂರ್ಯನಾರಾಯಣ