ಅಜ್ಜಂಪುರದ ತಲೆ ಎಣಿಕೆ

ಅಜ್ಜಂಪುರ, ಫೆಬ್ರವರಿ ೧೯೧೧

ಅಕ್ಕನಿಗೆ ತಮ್ಮನ ನಮಸ್ಕಾರ. ಖಾನೇಷುಮಾರಿಗೆಂದು, ಮನೆಮನೆಯ ಜನರನ್ನು ಎಣಿಸಿ ಬರೆಯಲು, ಈ ಊರಿಗೆ ಬಂದು ವಾರವಾಯಿತು. ಇಲ್ಲಿ ಮನುಷ್ಯರ ಲೆಕ್ಕ ಕೇಳಬಾರದು, ದನದ ಲೆಕ್ಕ ಕೇಳಬೇಕು. ಹೆಂಡತಿಯ ವಯಸ್ಸೆಷ್ಟು ಎಂದರೆ, "ಯಾವನಿಗೊತ್ತು ಕಣ್ರೀ, ದೊಡ್ಡ ಬರದಾಗೆ ಹುಟ್ಟಿದ್ಲಂತೆ" ಎನ್ನುತ್ತಾರೆ. ಮುತ್ತಾತನ ಹೆಸರು ಮರೆತಿದ್ದಾರೆ, ಎತ್ತಿನ ಮುತ್ತಜ್ಜಿಯದು ಬಾಯಿಪಾಠ. ಈ ಊರಿನ ಚರಿತ್ರೆ ಬರೆದರೆ ಅದರಲ್ಲಿ ರಾಜರಿಗಿಂತ ಹೋರಿಗಳೇ ಹೆಚ್ಚು.

ನೀನು ಹೇಳಿದ್ದ ಹೆಣ್ಣಿನ ಮನೆಗೂ ಎಣಿಕೆಯ ನೆಪದಲ್ಲಿ ಹೋದೆ. ನಮ್ಮ ಗುಟ್ಟು ನನಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಹುಡುಗಿಯನ್ನು ಕಂಡೆ, ನನಗೆ ಒಪ್ಪಿಗೆ. ಅವಳಪ್ಪ ಕರಿಸಿದ್ದಪ್ಪ ದನದ ವ್ಯಾಪಾರಿ. ನಾನು ಅವರ ಮನೆಯ ಜನ ಎಣಿಸುತ್ತಿದ್ದರೆ ಆತ ನನ್ನ ಹಲ್ಲು ಎಣಿಸುತ್ತಿದ್ದ. ಅಂಗಳದಲ್ಲಿ ಎರಡು ಸುತ್ತು ನಡೆಸಿಯೂ ನೋಡಿದ. ಕೊನೆಗೆ, "ನಡಿಗೆ ಚೆನ್ನಾಗೈತೆ ಸ್ವಾಮಿ. ರುಮಾಲು ತೆಗೀರಿ, ಸುಳಿ ನೋಡಾನ. ಸುಳಿ ನೋಡ್ದೆ ನಾನು ಕರೂನೂ ಮನೆಗೆ ತಂದೋನಲ್ಲ" ಎಂದ.

ನೆತ್ತಿಯಲ್ಲಿ ಎರಡು ಸುಳಿ ಇದ್ದವನಿಗೆ ಎರಡು ಮದುವೆ ಎಂದು ಅಮ್ಮ ನನ್ನ ತಲೆ ಬಾಚುವಾಗಲೆಲ್ಲ ಗೊಣಗುತ್ತಿದ್ದದ್ದು ನೆನಪಾಯಿತು. ವಿಪರೀತ ನೆಗಡಿ ಎಂದು ಎರಡು ಸಲ ಸೀನಿ, ರುಮಾಲು ಬಿಗಿದುಕೊಂಡು ಎದ್ದು ಬಂದೆ. ಸೋಮವಾರ ಮತ್ತೆ ಊಟಕ್ಕೆ ಕರೆದಿದ್ದಾರೆ.

ಇಲ್ಲಿನ ಅಂಚೆಯವನು ಹುಡುಗಿಯ ಸೋದರಮಾವ, ಆದ್ದರಿಂದ ಈ ಕಾರ್ಡನ್ನು ಬೀರೂರಿಗೆ ಹೋಗಿ ಹಾಕುತ್ತೇನೆ. ಭಾವನ ದೊಡ್ಡ ರುಮಾಲು ಕಳಿಸು. ಆರೋಗ್ಯವಾಗಿದ್ದೇನೆ, ಆದರೆ ಮದುವೆ ಮುಗಿಯುವವರೆಗೆ ನನ್ನ ನೆಗಡಿ ವಾಸಿಯಾಗುವುದಿಲ್ಲವೆಂದು ಅಮ್ಮನಿಗೆ ಹೇಳಿಡು.

ನಿನ್ನ ತಮ್ಮ,
ಚನ್ನವೀರ