ಟಾಕಿಯಲ್ಲಿ ಕುಳಿತ ಗಂಗವ್ವ

ಲಾಲಬಾಗ, ಮುಂಬಯಿ
೪ ಡಿಸೆಂಬರ್ ೧೯೫೫

ಪೂಜ್ಯ ಅತ್ತಿಯವರ ಪಾದಗಳಿಗೆ ನಿಮ್ಮ ಸೊಸೆ ಚಂಪಾ ಮಾಡುವ ಶರಣು.

ಮೊಣಕಾಲು ಈಗ ಹೇಗಿದೆ? ಧಾರವಾಡದಲ್ಲಿ ಥಂಡಿ ಬಿದ್ದಿರಬೇಕು. ಔಡಲೆಣ್ಣೆ ಬಿಸಿ ಮಾಡಿ ಹಚ್ಚಿಕೊಳ್ಳುತ್ತೀರೋ, ಇಲ್ಲ ಬಾಟಲಿಯನ್ನು ಗೋಡೆಯ ಮಾಡದಲ್ಲಿಟ್ಟು ಕೈಮುಗಿದು ಸುಮ್ಮನಾಗುತ್ತೀರೋ? ನಿಮ್ಮ ತಮ್ಮನ ಮನೆಯವರೆಲ್ಲ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ನಾವಿಬ್ಬರೂ ಆರಾಮ. ನೀವು ಕೊಟ್ಟುಹೋದ ಶೇಂಗಾ ಚಟ್ನಿಯನ್ನು ನಿಮ್ಮ ಮಗ ಫೋರ್ಟಿನ ಆಫೀಸಿಗೆ ಒಯ್ದು ಗೆಳೆಯರಿಗೆಲ್ಲ ಹಂಚಿ, ಈಗ ಸಪ್ಪಗಿದೆ ಎಂದು ನನ್ನ ಚಟ್ನಿಗೆ ಹೆಸರಿಡುತ್ತಿದ್ದಾರೆ. ಈ ಪತ್ರ ಓದಿ ಹೇಳುವ ಚನ್ನಬಸಯ್ಯ ಮಾಸ್ತರರಿಗೂ ಶರಣು. ಮಾಸ್ತರರೇ, ಇದರಲ್ಲಿ ಸಂಡಾಸದ ಮಾತು ಬಹಳ ಬರುತ್ತದೆ. ಸಂಕೋಚಪಟ್ಟು ಒಂದು ಸಾಲನ್ನೂ ಹಾರಿಸಬೇಡಿ. ಬೇಕಾದರೆ ದನಿ ತಗ್ಗಿಸಿ ಓದಿ.

ಅತ್ತಿ, ಸಿಟ್ಟಾಗುವುದಿಲ್ಲ ಎಂದು ಮೊದಲು ಮಾತು ಕೊಡಿ. ದೀಪಾವಳಿಗೆ ಬಂದಾಗ ಜೋಗೇಶ್ವರಿಗೆ ಹೋಗಿ ನಮ್ಮ ಸೊಸಾಯಿಟಿಯ ಹೊಸ ಮನೆಗಳನ್ನು ನೋಡಿದೆವಲ್ಲ, ಅಲ್ಲಿ ತಗ್ಗಿನ ಮೂಲೆಯಲ್ಲಿ ಸಿಮೆಂಟಿನ ಟಾಕಿಯೊಂದು ನೀರು ತುಂಬಿ ನಿಂತಿತ್ತು. ಈ ಚಾಳಿನಲ್ಲಿ ನಲ್ಲಿ ಬರುವ ಹೊತ್ತಿಗೆ ನಾವೆಲ್ಲ ಕೊಡ ಹಿಡಿದು ಜಗಳಾಡುವುದನ್ನು ಕಂಡಿದ್ದ ನೀವು ಆ ನೀರಿನ ಮುಂದೆ ನಿಂತೇಬಿಟ್ಟಿರಿ. “ಎವ್ವಾ, ಗಂಗವ್ವ ನಮಕಿಂತ ಮದಲ ಬಂದು ಕುಂತಾಳಲ್ಲ! ಖಾಲಿ ಕೈಲೆ ಹ್ಯಾಂಗ ಹೊಳ್ಳಿ ಹೋಗೂದು?” ಎಂದಿರಿ. ನಮ್ಮ ಚಾಳಿನವರೇ ಆದ, ನಾಳೆ ಅಲ್ಲಿಯೂ ನೆರೆಯವರಾಗುವ ಕಾಶವ್ವ, ಅಂಬವ್ವರನ್ನು ಕಾಯಿ ಹೂವು ತರಲು ಸ್ಟೇಶನ್ನಿಗೆ ಅಟ್ಟಿದಿರಿ. ಐದು ಮಂದಿ ಮುತ್ತೈದೆಯರನ್ನು ಕೂಡಿಸಿ, ದಂಡೆಗೆ ಅರಿಷಿಣ ಕುಂಕುಮ ಹಚ್ಚಿಸಿ, ಹಸಿರು ಖಣದಿಂದ ಉಡಿ ತುಂಬಿಸಿದಿರಿ. ಆಮೇಲೆ ಗಂಗವ್ವನನ್ನು ಕರೆಯುವ ಹಾಡು ಹಾಡಿದಿರಿ. ಗೋಡೆ ಕಟ್ಟುತ್ತಿದ್ದ ಗವಂಡಿಗಳು ಕೆಲಸ ಬಿಟ್ಟು ಕೇಳಿದರು. ನನಗೆ ಕಣ್ಣಲ್ಲಿ ನೀರು ಬಂದಿತ್ತು.

ಅತ್ತಿ, ಅದು ಕುಡಿಯುವ ನೀರಿನ ಟಾಕಿಯಲ್ಲ. ಸಂಡಾಸದ ಟಾಕಿ.

ನನಗೂ ಗೊತ್ತಿರಲಿಲ್ಲ, ನಿಮ್ಮಾಣೆ. ನಿಮ್ಮನ್ನು ಗಾಡಿ ಹತ್ತಿಸಿ ಬಂದ ಮೇಲೆ ಊಟದ ಹೊತ್ತಿಗೆ ನಿಮ್ಮ ಮಗನಿಗೆ ಪೂಜೆಯ ಸುದ್ದಿ ಹೇಳಿದೆ. ನಕ್ಕು ನಕ್ಕು ರೊಟ್ಟಿ ನೆತ್ತಿಗೆ ಹತ್ತಿತು. ಆಮೇಲೆ ತಿಳಿಸಿ ಹೇಳಿದರು. ಜೋಗೇಶ್ವರಿಯ ಆ ಕಡೆಗೆ ಮುನಸಿಪಾಲ್ಟಿಯ ಗಟಾರ ಇನ್ನೂ ಬಂದಿಲ್ಲ. ಹಾಗಿರುವಲ್ಲಿ ಹೊಸ ವಸತಿ ಎಬ್ಬಿಸುವವರು ಮೊದಲು ತಮ್ಮ ಹೊಲಸಿಗೆ ದಾರಿ ತೋರಿಸಬೇಕು, ಆಮೇಲೆ ಮನೆ ಹೊಗುವ ಮಾತು. ಬಾವಿಯಿಂದ ದೂರ, ತಗ್ಗಿನಲ್ಲಿ ಟಾಕಿ ಕಟ್ಟಬೇಕು. ಹೊಲಸು ಅದರ ತಳದಲ್ಲಿ ಕೂತು, ಮೇಲಿನ ನೀರು ಪಕ್ಕದ ಇಂಗುಗುಂಡಿಗೆ ಹೋಗುತ್ತದೆ. ಕಟ್ಟಿದ ಟಾಕಿ ಸೋರುತ್ತದೋ ಇಲ್ಲವೋ ನೋಡಲು, ಮೇಲೆ ಹಾಸು ಹಾಕುವ ಮೊದಲು ಅದಕ್ಕೆ ಅಂಚಿನವರೆಗೆ ನೀರು ತುಂಬಿಡುತ್ತಾರೆ. ನೀವು ಹಾಡಿ ಕರೆದದ್ದು ಆ ಪರೀಕ್ಷೆಯ ನೀರನ್ನು.

ಟಾಕಿ ನೋಡಲು ಮುನಸಿಪಾಲ್ಟಿಯ ಇನ್ಸ್‌ಪೆಕ್ಟರ್ ಬಂದಾಗ ದಂಡೆಯ ಮೇಲಿನ ಕುಂಕುಮ ನೋಡಿ, ಪಾಪ, ಏನು ತಿಳಿದುಕೊಂಡನೋ, ಬೂಟು ಕಳಚಿಟ್ಟು ಅಳತೆಯ ಕೋಲು ಇಳಿಸಿದನಂತೆ. ನೀರು ಒಂದು ಬೆರಳೂ ಇಳಿದಿರಲಿಲ್ಲ. “ರುದ್ರವ್ವನ ಹಾಡಿಗೆ ಕಟ್ಟುಬಿದ್ದಾಳ, ಎಲ್ಲಿ ಹೋಗ್ತಾಳ!” ಎಂದು ನಿಮ್ಮ ಹೆಸರು ಹೇಳಿ ಕಾಶವ್ವ ಹಿಗ್ಗಿದಳು. ಆಗ ನಾವೆಲ್ಲ ನಕ್ಕೆವು. ಆದರೆ ಮನೆಗಳಿಂದ ಟಾಕಿಗೆ ಪೈಪು ಜೋಡಿಸುವವರು ಬಂದ ದಿನ ಆಕೆ ಹೋಗಿ ದಂಡೆಯ ಮೇಲೆ ಕುಳಿತುಬಿಟ್ಟಳು. “ಉಡಿ ತುಂಬಿದ ಗಂಗವ್ವನ ಮ್ಯಾಲೆ ಹೊಲಸ ಬಿಡತೀರೇನು? ಮದಲ ನನ್ನ ತಲಿ ಮ್ಯಾಲೆ ಬಿಡ್ರಿ!” ಗಂಡಸರು ಮೂಢನಂಬಿಕೆ ಎಂದು ಭಾಷಣ ಮಾಡಿದರು, ಒಬ್ಬರಾದರೂ ಆಕೆಯ ಹತ್ತಿರ ಹೋಗಲಿಲ್ಲ. ನಾನು ಮುಲ್ಕಿ ಪರೀಕ್ಷೆ ಪಾಸಾದವಳು, ನನಗೆ ತಿಳಿಯುವುದಿಲ್ಲವೇ? ಆದರೂ ನಿಮ್ಮ ದನಿ ನೆನಪಾಗಿ ಆಕೆಯನ್ನು ಎಬ್ಬಿಸಲು ನನಗೂ ಮನಸ್ಸಾಗಲಿಲ್ಲ. ಬೇರೆ ಕಡೆ ಟಾಕಿ ಕಟ್ಟಲು ಜಾಗವಿಲ್ಲ, ನಕ್ಷೆ ಮಂಜೂರಾಗಿ ಹೋಗಿದೆ. ಸಂಕ್ರಾಂತಿಯೊಳಗೆ ಪೈಪು ಜೋಡಿಸದಿದ್ದರೆ ಮನೆ ಹೊಗುವ ಪರವಾನಗಿ ಸಿಗುವುದಿಲ್ಲ.

ಪರವಾನಗಿ ಸಿಗದಿದ್ದರೆ ಮತ್ತೆ ಇದೇ ಚಾಳು, ಇದೇ ಖೋಲಿ. ಇಲ್ಲಿಯ ಸಂಡಾಸ ನಿಮಗೆ ಗೊತ್ತೇ ಇದೆ. ಡಬ್ಬಿ ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಮೊದಲು ನಮ್ಮ ಜೊತೆಗೇ ಇದ್ದಾಗ ಒಂದು ದಿನ ನೀವು ಕುಳಿತಲ್ಲಿಂದ ಏಳಲಾರದೆ ತಡವಾದಾಗ ಹೊರಗಿನವರು ಬಾಗಿಲು ಬಡಿದು ಬಡಿದು ನಕ್ಕರು. ನೀವು ಬಂದು, “ಚಂಪಾ, ಇಲ್ಲಿ ನನ್ನ ಬಾಳ್ವೆ ಆಗೂದಿಲ್ಲವಾ” ಎಂದಷ್ಟೇ ಅಂದು, ತಮ್ಮನ ಮನೆಗೆ ಹೊರಟು ನಿಂತಿರಿ. ಅಂದು ನಿಮ್ಮ ಮಗ ಉಣ್ಣಲಿಲ್ಲ. ಸೊಸಾಯಿಟಿಗೆ ಸೇರಿದ್ದು ಅದಾದ ಮೇಲೆಯೇ. ಮನೆಯ ನಕ್ಷೆ ಬಂದಾಗ ಎಲ್ಲರೂ ವರಾಂಡ ಎಲ್ಲಿ, ದೇವರ ಕೋಣೆ ಎಲ್ಲಿ ಎಂದು ಕೇಳಿದರೆ ಇವರು ಮೊದಲು ಬೆರಳಿಟ್ಟದ್ದು ಸಂಡಾಸದ ಮೇಲೆ. ಬಾಯಿಬಿಟ್ಟು ಹೇಳುವ ಪೈಕಿ ಅಲ್ಲ, ನಿಮ್ಮ ಹೊಟ್ಟೆಯಲ್ಲೇ ಹುಟ್ಟಿದವರಲ್ಲವೇ!

ದಾರಿಯನ್ನು ಕೊನೆಗೆ ಅಂಬವ್ವ ತೋರಿಸಿದಳು. “ಹಬ್ಬದಾಗ ಗೌರವ್ವನ್ನ ಕರದು, ಪೂಜಿ ಮಾಡಿ, ಕಳಸೂದಿಲ್ಲೇನು? ಗಂಗವ್ವನ್ನೂ ಕಳಸೂಣು” ಎಂದಳು. ಟಾಕಿಯಿಂದ ಒಂದು ಕೊಡ ನೀರು ತುಂಬಿ, ಹಾಡುತ್ತ ಹೋಗಿ ನಮ್ಮ ಸೊಸಾಯಿಟಿಯ ಬಾವಿಗೆ ಸುರಿದರೆ ಗಂಗವ್ವ ತನ್ನ ಮನೆ ಸೇರಿದಂತೆ. ಉಳಿದದ್ದು ಬರೀ ಟಾಕಿ. ಕಾಶವ್ವ ಒಪ್ಪಿದಳು, ಆದರೆ ಒಂದು ಕರಾರು ಹಾಕಿದಳು: “ಹಾಡಿ ಕರದಾಕಿನ ಹಾಡಿ ಕಳಸಬೇಕು.” ಕಳಿಸುವ ಹಾಡು ನಮ್ಮಲ್ಲಿ ಯಾರಿಗೂ ಪೂರ್ತಿ ಬರುವುದಿಲ್ಲ. ಅಂಬವ್ವ ಒಂದು ನುಡಿ ಎತ್ತಿಕೊಂಡಳು. ಯಾರಿಗೆ ಏನಾಯಿತೋ ಎಂದು ವಾಚಮನ್ ಓಡಿ ಬಂದ. ಆದ್ದರಿಂದ ಅತ್ತಿ, ನೀವೇ ಬರಬೇಕು. ನಿಮ್ಮ ತಮ್ಮನವರು ಧಾರವಾಡದಲ್ಲಿ ಹತ್ತಿಸಿದರೆ ಸಾಕು, ಪುಣೆಯಲ್ಲಿ ಗಾಡಿ ಬದಲಿಸುವಲ್ಲಿಗೆ ನಿಮ್ಮ ಮಗ ಬಂದು ಕರೆದುಕೊಳ್ಳುತ್ತಾರೆ.

ಮನೆಯ ಹಿರಿಯರಿಗೆ ನನ್ನ ನಮಸ್ಕಾರ, ಮಕ್ಕಳಿಗೆ ಮುದ್ದು. ಮಾಸ್ತರರ ಸಹನೆಗೆ ಇನ್ನೊಂದು ಶರಣು.

ನಿಮ್ಮ ಸೊಸೆ,
ಚಂಪಾ

ತಾ.ಕ.: ಟಪಾಲು ಪೆಟ್ಟಿಗೆ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ನಮ್ಮ ಹೊಸ ಮನೆಯ ಸಂಡಾಸದ ಗೋಡೆಗೆ ಕಬ್ಬಿಣದ ಹಿಡಿಕೆ ಹಾಕಿಸಿದ್ದೇನೆ. ಎಷ್ಟು ಎತ್ತರಕ್ಕೆ ಎಂದು ಗವಂಡಿ ಕೇಳಿದ. ನಿಮ್ಮ ಹಾಗೆ ಮೊಣಕಾಲು ಹಿಡಿದು ಕುಳಿತು, “ಶಿವನಽ” ಎಂದು ಏಳುತ್ತ ಗೋಡೆಗೆ ಕೈಯಿಟ್ಟೆ. ಅಲ್ಲಿಯೇ ಗುರುತು ಮಾಡಿಕೊಂಡ. ಬೇರೆ ಯಾರ ಮನೆಯಲ್ಲೂ ಅದಿಲ್ಲ. ಬರುವಾಗ ಕೈಚೀಲ ಬೇಡ, ಟ್ರಂಕನ್ನೇ ತನ್ನಿ. ಗಂಗವ್ವನನ್ನು ಕಳಿಸುವ ಹಾಡು ನಿಮಗಾದರೂ ಬರುತ್ತದೆ. ನಿಮ್ಮನ್ನು ಕಳಿಸುವ ಹಾಡು ಇಲ್ಲಿ ಯಾರಿಗೂ ಬರುವುದಿಲ್ಲ.