ಅಣ್ಣನಿಗೆ ಹೇಳದೆ ಬಿಟ್ಟ ಮಾತು

ಪ್ರೀತಿಯ ಅಣ್ಣ,

ಫೋನು ಮಾಡಿದರೆ ನೀನು ಎತ್ತುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಏಣಿಗಳೂ ಬಣ್ಣದ ಡಬ್ಬಗಳೂ ವಿಶ್ವವಿದ್ಯಾಲಯದ ಗೋದಾಮಿನಲ್ಲಿ ಜೋಪಾನವಾಗಿವೆ. ಯಾರನ್ನಾದರೂ ಕಳಿಸು.

ಹಾಸ್ಟೆಲಿಗೆ ಬಣ್ಣ ಹೊಡೆದ ನಿನ್ನ ಕೆಲಸದವರು ಬಕೆಟ್ಟುಗಳನ್ನು ಮಳೆನೀರಿನ ಚರಂಡಿಯಲ್ಲಿ ತೊಳೆದರು. ಬಚ್ಚಲ ನೀರಿನ ಹಾಗೆ ಅದೂ ಶುದ್ಧಿಯಾಗಿಯೇ ಹೋಗುತ್ತದೆ ಎಂದುಕೊಂಡಿದ್ದೆ ನೀನು. ಅದು ನೇರ ಕೆರೆಗೆ ಹೋಗುತ್ತದೆ ಅಣ್ಣ. ಬೆಳಿಗ್ಗೆ ನೋಡಿದರೆ ದಡದ ನೀರೆಲ್ಲ ಬೆಳ್ಳಗಾಗಿತ್ತು, ಮೀನುಗಳು ಸತ್ತು ತೇಲುತ್ತಿದ್ದವು. ಇಂಥದ್ದು ಆದ ದಿನವೇ ಮಾಲಿನ್ಯ ತಡೆಯುವ ಇಲಾಖೆಗೆ ತಿಳಿಸಬೇಕು, ಇಲ್ಲದಿದ್ದರೆ ನಮ್ಮ ವಿಶ್ವವಿದ್ಯಾಲಯಕ್ಕೆ ನೀರು ಹೊರಬಿಡಲು ಕೊಟ್ಟ ಪರವಾನಗಿ ಹೋಗುತ್ತದೆ. ಇಲ್ಲಿನ ಚರಂಡಿ, ಕೆರೆ ನೋಡಿಕೊಳ್ಳುವವಳು ನಾನು, ತಿಳಿಸುವುದೇ ನನ್ನ ಕೆಲಸ. ತಿಳಿಸಿದೆ.

ಅದಕ್ಕೆ ನಾನು ಮರುಗುತ್ತಿಲ್ಲ, ಮರುಗುವುದು ಬೇರೊಂದಕ್ಕೆ. ಬೇರೆ ಗುತ್ತಿಗೆದಾರರನ್ನೆಲ್ಲ ಮೊದಲ ದಿನವೇ ಕರೆದುಕೊಂಡು ಹೋಗಿ ಚರಂಡಿ ತೋರಿಸಿ, ಇದರಲ್ಲಿ ಏನೂ ತೊಳೆಯಬೇಡಿ ಎನ್ನುತ್ತೇನೆ. ನೀನು ಬಂದಾಗ ಮಾತ್ರ, ಕೈಹಿಡಿದು ಅಕ್ಷರ ತಿದ್ದಿಸಿದ ಅಣ್ಣನಿಗೆ ನಾನು ಪಾಠ ಹೇಳುವುದೇ ಎಂದು ಸಂಕೋಚಪಟ್ಟು, ಟೀ ಕುಡಿಸಿ ಕಳಿಸಿದೆ. ವರದಿಯಲ್ಲಿ ಅದನ್ನೂ ಬರೆದೆ. ನನಗೆ ಬರೀ ಎಚ್ಚರಿಕೆ ಕೊಟ್ಟು ಬಿಟ್ಟರು, ನಿನ್ನ ಗುತ್ತಿಗೆ ರದ್ದು ಮಾಡಿದರು. "ನಿನಗೆ ಅಣ್ಣ ನಾನೋ, ಆ ಕೆರೆಯೋ?" ಎಂದು ನೀನು ಗೇಟಿನಲ್ಲಿ ಎಲ್ಲರೆದುರು ಕೇಳಿದೆ.

ಅಮ್ಮನಿಗೆ ಕೆಲಸ ಮುಗಿಯಿತು ಎಂದಷ್ಟೇ ಹೇಳಿದ್ದೇನೆ. ನೀನೂ ಹಾಗೇ ಹೇಳು. ಭಾನುವಾರ ಊಟಕ್ಕೆ ಬಾ. ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ಅದನ್ನಾದರೂ ತಿಳಿಸು, ಆ ಹೊತ್ತಿಗೆ ನಾನು ಎಲ್ಲಾದರೂ ಹೊರಗೆ ಹೋಗಿರುತ್ತೇನೆ.

ನಿನ್ನ,
ಪುಟ್ಟಿ